ಜೀವ ಉಳಿಸಲು ಬಂದವರ ಜೀವ

ರಾತ್ರಿ ಎರಡು ಗಂಟೆ. ಕಾಪುವಿನ ಹತ್ತಿರದ ಒಂದು ಮನೆ. ಹೊರಗೆ ಆಟಿಯ ಮಳೆ ಎಡೆಬಿಡದೆ ಸುರಿಯುತ್ತಿದೆ. ಮನೆಯ ಯಜಮಾನರಿಗೆ ಒಂದು ಗಂಟೆಯಿಂದ ಎದೆನೋವು. 'ಗ್ಯಾಸ್ ಇರಬೇಕು' ಎಂದು ಜೀರಿಗೆ ಕಷಾಯ ಕೊಟ್ಟಾಯಿತು, ಬೆನ್ನಿಗೆ ಎಣ್ಣೆ ತಿಕ್ಕಿಯಾಯಿತು, ಮುಂಬಯಿಯಲ್ಲಿರುವ ತಮ್ಮನಿಗೆ ಫೋನೂ ಆಯಿತು. ಮೈಯೆಲ್ಲ ಬೆವರಿದ ಮೇಲೆ ಯಾರಿಗೋ 108ರ ನೆನಪಾಯಿತು. ಆಂಬುಲೆನ್ಸ್ ಬಂದು ಮಣಿಪಾಲದ ಕಡೆ ಹೊರಟಾಗ ಚಾಲಕನ ಪಕ್ಕದಲ್ಲಿ ಕುಳಿತ ಮಗನದು ಒಂದೇ ಮಾತು: 'ಸ್ವಲ್ಪ ಬೇಗ ಬಿಡಿ ಮಾರಾಯ್ರೆ!'

ಓದುಗರೇ, ಇಂಥ ರಾತ್ರಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಮಗನ ಆತಂಕ ಸಹಜವೇ. ಆದರೆ ಆ ಹೊತ್ತಿನಲ್ಲಿ ವಾಹನದ ಹಿಂಭಾಗದಲ್ಲಿ ಏನು ನಡೆಯುತ್ತಿರುತ್ತದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಅಲ್ಲೊಬ್ಬ ಶುಶ್ರೂಷಕ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ರೋಗಿಯ ಆಮ್ಲಜನಕದ ಮುಖವಾಡ ಸರಿಪಡಿಸುತ್ತಿರುತ್ತಾನೆ. ರಕ್ತದೊತ್ತಡ ನೋಡಬೇಕು, ರಕ್ತನಾಳಕ್ಕೆ ಸೂಜಿ ಹಾಕಬೇಕು. ಇವನ್ನೆಲ್ಲ ಬೆಲ್ಟ್ ಕಟ್ಟಿಕೊಂಡು ಕುಳಿತಲ್ಲಿಂದ ಮಾಡುವುದು ಕಷ್ಟ. ಹಾಗಾಗಿ ಹೆಚ್ಚಿನವರು ನಿಂತೇ ಕೆಲಸ ಮಾಡುತ್ತಾರೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಯಾವುದಕ್ಕಾದರೂ ಬಡಿದು ಥಟ್ಟನೆ ನಿಂತರೆ, ಒಳಗೆ ನಿಂತವನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಲೆಕ್ಕ ಹಾಕಿದರೆ ಇದು ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ಚೆನ್ನಾಗಿ ಬೆಳೆದ ತೆಂಗಿನ ಮರದಿಂದ ಬಿದ್ದದ್ದಕ್ಕೆ ಸಮ.

ಶಿರೂರಿನ ಪಾಠ

2022ರ ಜುಲೈ 20ರಂದು ನಮ್ಮ ಜಿಲ್ಲೆಯ ಉತ್ತರದ ತುದಿಯಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ತರುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಳೆಗೆ ಒದ್ದೆಯಾದ ರಸ್ತೆಯಲ್ಲಿ ಜಾರಿ, ಗಿರಕಿ ಹೊಡೆದು ಅಪ್ಪಳಿಸಿತು. ಸಿಬ್ಬಂದಿ ದಾರಿಯ ತಡೆಗಳನ್ನು ಓಡೋಡಿ ಬಂದು ಸರಿಸುತ್ತಿದ್ದ ದೃಶ್ಯ ಕ್ಯಾಮರಾದಲ್ಲಿ ಸೆರೆಯಾಗಿತ್ತು. ಒಳಗಿದ್ದವರು ಹೊರಕ್ಕೆಸೆಯಲ್ಪಟ್ಟರು. ರೋಗಿಯೂ ಸೇರಿ ನಾಲ್ವರು ತೀರಿಕೊಂಡರು. ರೋಗಿಯನ್ನು ಉಳಿಸಲು ಹೊರಟ ಪಯಣ, ಜೊತೆಗಿದ್ದವರ ಪ್ರಾಣವನ್ನೂ ಕೊಂಡೊಯ್ಯಿತು.

ಆಂಬುಲೆನ್ಸಿನ ಅಪಾಯದ ಬಗ್ಗೆ ಅಮೆರಿಕದಲ್ಲಿ ಬಹಳ ಅಧ್ಯಯನಗಳು ನಡೆದಿವೆ. 1992ರಿಂದ 1997ರವರೆಗಿನ ಅಂಕಿ ಅಂಶಗಳಂತೆ, ಅಲ್ಲಿ ಎಲ್ಲ ಬಗೆಯ ಕೆಲಸಗಾರರಲ್ಲಿ ಕರ್ತವ್ಯದಲ್ಲಿ ಸಾಯುವವರು ವರ್ಷಕ್ಕೆ ಲಕ್ಷಕ್ಕೆ 5 ಮಂದಿಯಾದರೆ, ತುರ್ತು ವೈದ್ಯಕೀಯ ಸಿಬ್ಬಂದಿಯಲ್ಲಿ 12.7 ಮಂದಿ. ಹೆಚ್ಚಿನ ಸಾವು ವಾಹನ ಅಪಘಾತದಿಂದಲೇ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳುವಂತೆ, ರೋಗಿಯನ್ನು ಒಯ್ಯುವಾಗ ದೀಪ-ಸೈರನ್ ಹಾಕದೆ ಹೋದ ಒಂದು ಲಕ್ಷ ಪಯಣಗಳಲ್ಲಿ 7 ಅಪಘಾತಗಳಾದರೆ, ದೀಪ-ಸೈರನ್ ಹಾಕಿ ಧಾವಿಸಿದಾಗ 17.1. ಇಮ್ಮಡಿಗೂ ಮಿಕ್ಕಿ!

ಉಳಿಯುವ ನಿಮಿಷಗಳೆಷ್ಟು?

ಅಪಾಯವಿದ್ದರೂ ಸಮಯ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ. ಕಾಪುವಿನಿಂದ ಮಣಿಪಾಲಕ್ಕೆ ಸುಮಾರು 18 ಕಿ.ಮೀ. ಸರಾಸರಿ 60 ಕಿ.ಮೀ. ವೇಗದಲ್ಲಿ 18 ನಿಮಿಷ ಬೇಕು, 80ರಲ್ಲಿ ಹದಿಮೂರೂವರೆ. ಉಳಿದದ್ದು ನಾಲ್ಕೂವರೆ ನಿಮಿಷ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳದ ತಿರುವುಗಳನ್ನು ದಾಟಿ ಬರುವಾಗ 80ರ ಸರಾಸರಿಯೇ ಅಸಾಧ್ಯ, ಯತ್ನಿಸಿದರೆ ಅನಾಹುತ.

ಈಗ ಮೊದಲಿನ ಕಥೆಗೆ ಬನ್ನಿ. ಕಷಾಯ, ಎಣ್ಣೆ, ಫೋನುಗಳಲ್ಲಿ ಕಳೆದದ್ದು ಇಡೀ ಒಂದು ಗಂಟೆ! ಹೃದಯಾಘಾತದಲ್ಲಿ ರಕ್ತನಾಳ ಮುಚ್ಚಿದ ಕ್ಷಣದಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮನೆಯಲ್ಲಿ ಕಳೆದುಕೊಂಡ ಗಂಟೆಯನ್ನು ಚಾಲಕ ಹೆದ್ದಾರಿಯಲ್ಲಿ ಗಳಿಸಿಕೊಡಲಾರ. ಸಮಯ ಉಳಿಸುವ ಜಾಗ ರಸ್ತೆಯಲ್ಲ, ನಿಮ್ಮ ಮನೆಯ ಚಾವಡಿ.

ಸೂಜಿ, ನಿದ್ದೆ, ಪೆಟ್ಟು

ರಸ್ತೆಯೊಂದೇ ಅಪಾಯವಲ್ಲ. ಕುಲುಕುವ ವಾಹನದಲ್ಲಿ ಸೂಜಿ ಕೈಗೆ ಚುಚ್ಚುವುದು ಬಲು ಸುಲಭ. ಸೋಂಕಿರುವ ರೋಗಿಯ ರಕ್ತ ಮೆತ್ತಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ತಗಲುವ ಸಾಧ್ಯತೆ ಅದರ ಎಷ್ಟೋ ಪಟ್ಟು. ಆದ್ದರಿಂದ ಈ ಕೆಲಸದಲ್ಲಿರುವ ಪ್ರತಿಯೊಬ್ಬರೂ ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳನ್ನು ಪೂರೈಸಿರಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬಾರದು. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ಆರಂಭಿಸಬೇಕು.

ಇನ್ನು ನಿದ್ದೆ. ಸತತ 17 ಗಂಟೆ ಎಚ್ಚರವಿದ್ದವನ ಚುರುಕುತನ, ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟೇ ಕುಂದಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕನಿಗೆ ಕಾನೂನಿನ ಮಿತಿ ಶೇ. 0.03. ಕುಡಿದವನ ಕೈಗೆ ಆಂಬುಲೆನ್ಸ್ ಕೊಡದ ನಾವು, ನಿದ್ದೆಗೆಟ್ಟವನ ಕೈಗೆ ಕೊಡಬಹುದೇ? ಪಾಳಿ ಮತ್ತು ವಿಶ್ರಾಂತಿಯ ಪ್ರಶ್ನೆ ಸಿಬ್ಬಂದಿಯ ಬೇಡಿಕೆ ಮಾತ್ರವಲ್ಲ, ಒಳಗೆ ಮಲಗಿರುವ ನಿಮ್ಮ ತಂದೆ ತಾಯಿಯ ಪ್ರಶ್ನೆಯೂ ಹೌದು.

ತಡವಾಯಿತೆಂದು ಸಿಬ್ಬಂದಿಯ ಮೇಲೆ ಕೈ ಮಾಡುವವರೂ ಇದ್ದಾರೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯಿದೆಯೇ ಇದೆ. ಆದರೆ ಕಾಯಿದೆಗಿಂತ ದೊಡ್ಡದು ವಿವೇಕ.

ನೀವು ಮಾಡಬೇಕಾದ್ದು

1. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಉಸಿರಾಟದ ತೊಂದರೆ - ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ಈ ಸೇವೆ ಉಚಿತ.

2. ನಮ್ಮ ಕರಾವಳಿಯ ಮನೆಗಳು ಸಾಲಾಗಿಲ್ಲ. ಗುಡ್ಡೆಯ ಮೇಲೊಂದು, ಬೈಲಿನಲ್ಲೊಂದು. ಬರೀ ಊರಿನ ಹೆಸರು ಹೇಳಿದರೆ ಸಾಲದು. ಗರಡಿ, ಭಜನಾ ಮಂದಿರ, ಶಾಲೆ, ಹಾಲಿನ ಡಿಪೋ - ಯಾವುದಾದರೊಂದು ಗುರುತು ಹೇಳಿ. ಟಾರ್ಚ್ ಹಿಡಿದು ಒಬ್ಬರು ಮುಖ್ಯರಸ್ತೆಯಲ್ಲಿ ನಿಂತಿರಲಿ. ಗೇಟು ತೆರೆದು, ನಾಯಿಯನ್ನು ಕಟ್ಟಿಹಾಕಿ.

3. ರೋಗಿಯ ಹಳೆಯ ಚೀಟಿ, ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಡಿ. ಎದೆನೋವಿನವರನ್ನು ಮೆಟ್ಟಲು ಇಳಿಸಿ ನಡೆಸಬೇಡಿ.

4. ರೋಗಿಗೆ ಪ್ರಜ್ಞೆಯಿಲ್ಲದೆ, ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಿ.

5. ಅಪಘಾತದಲ್ಲಿ ಗಾಯಗೊಂಡವರ ಬಾಯಿಗೆ ನೀರು ಹೊಯ್ಯಬೇಡಿ. ರಕ್ತ ಸುರಿಯುವಲ್ಲಿ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೆರವಾದವರು ಹೆಸರು ಹೇಳಲೇಬೇಕೆಂದು ಬಲವಂತ ಮಾಡಲು ಪೊಲೀಸರಿಗೆ ಅವಕಾಶವಿಲ್ಲ. 2016ರ ಸುಪ್ರೀಂ ಕೋರ್ಟಿನ ತೀರ್ಪು ನಿಮ್ಮ ಬೆಂಬಲಕ್ಕಿದೆ.

6. ಆಂಬುಲೆನ್ಸಿನಲ್ಲಿ ನೀವು ಕುಳಿತಾಗ ಬೆಲ್ಟ್ ಕಟ್ಟಿಕೊಳ್ಳಿ. ಮಂಚಕ್ಕೆ ರೋಗಿಯನ್ನು ಪಟ್ಟಿಯಿಂದ ಕಟ್ಟುವಾಗ 'ನೋವಾಗುತ್ತದೆ, ಬೇಡ' ಎನ್ನಬೇಡಿ. ಚಾಲಕನಿಗೆ ಅವಸರ ಮಾಡಬೇಡಿ. ಹಿಂದೆ ಕಾರು, ಬೈಕುಗಳಲ್ಲಿ ಬೆನ್ನಟ್ಟಬೇಡಿ.

7. ರಸ್ತೆಯಲ್ಲಿ ಸೈರನ್ ಕೇಳಿದರೆ ನಿಧಾನಿಸಿ ಎಡಕ್ಕೆ ಸರಿಯಿರಿ. ದಾರಿ ಬಿಡದಿರುವುದು 2019ರ ಮೋಟಾರು ವಾಹನ ತಿದ್ದುಪಡಿಯಂತೆ ಶಿಕ್ಷಾರ್ಹ. ನೀವು ಬಿಟ್ಟುಕೊಡುವ ದಾರಿಯೇ ಚಾಲಕನ ಅವಸರವನ್ನು ತಗ್ಗಿಸುತ್ತದೆ.

ಮುಂದಿನ ಬಾರಿ ನಿಮ್ಮ ಮನೆಯಂಗಳಕ್ಕೆ ಆ ವಾಹನ ಬಂದಾಗ ನೆನಪಿಡಿ: ಅದರೊಳಗೆ ಬಂದ ಇಬ್ಬರಿಗೂ ಮನೆಯಿದೆ, ದಾರಿ ಕಾಯುವವರಿದ್ದಾರೆ. 'ಬೇಗ ಬಿಡಿ' ಎನ್ನುವ ಬದಲು 'ಜಾಗ್ರತೆಯಾಗಿ ಹೋಗೋಣ' ಎಂದು ಹೇಳಿ ನೋಡಿ. ಅದು ನಿಮ್ಮ ರೋಗಿಗೂ ಒಳ್ಳೆಯದೇ.