ಗರಿಕೆ ಕೊಯ್ಯೋಕೆ ಯಾವ ಮಿಷನ್ ತಗೋಬೇಕು?

ಬೆಂಗಳೂರಿಂದ ಆಸ್ಟ್ರೇಲಿಯಾಕ್ಕೆ ಬಂದಿಳಿದ ನಮ್ಮಂಥ ಸಾಫ್ಟ್‌ವೇರ್ ಹುಡುಗರಿಗೆ ವೀಸಾ, ಕೆಲಸ, ಕಾರು ಎಲ್ಲಾ ಆದಮೇಲೆ ಎದುರಾಗೋ ನಿಜವಾದ ಪರೀಕ್ಷೆ ಅಂದ್ರೆ ಹುಲ್ಲು. ಹಿತ್ತಿಲಿರೋ ಬಾಡಿಗೆ ಮನೆ ಹಿಡಿದ್ರೋ, ಕಥೆ ಮುಗೀತು. ಲಾನ್ ನೋಡ್ಕೊಳ್ಳೋದು ಬಾಡಿಗೆದಾರನ ಕೆಲಸ ಅಂತ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತೆ. ಆಗಾಗ ಏಜೆಂಟ್ ಬಂದು ಫೋಟೋ ಹೊಡ್ಕೊಂಡು ಹೋಗ್ತಾರೆ. ಹುಲ್ಲು ಮೊಣಕಾಲಿಗೆ ಬಂದಿದ್ರೆ ಮನೆ ಬಿಡೋ ದಿನ ಬಾಂಡ್ ದುಡ್ಡಿಗೆ ಕತ್ತರಿ.

ನಾನು ಪರ್ತ್‌ನಲ್ಲಿ ಎರಡು ವರ್ಷ ಇದ್ದು ಈಗ ಅಡಿಲೇಡ್ ಸೇರಿದ್ದೇನೆ. ಕಾಲೇಜಿನ ಗೆಳೆಯನೊಬ್ಬ ಬ್ರಿಸ್ಬೇನ್‌ನಲ್ಲಿದ್ದಾನೆ, ಅವನ ಮನೆಗೆ ಹೋದಾಗೆಲ್ಲ ಮೋವರ್ ತಳ್ಳೋ ಭಾಗ್ಯ ನನ್ನದೇ. ಹೀಗೆ ಮೂರೂ ಊರಿನ ಹುಲ್ಲಿನ ಪರಿಚಯ ಆಗಿದೆ. "ಮಲ್ಚಿಂಗ್ ಮೋವರ್ ಯಾವುದು ತಗೊಳ್ಲಿ ಮಾರಾಯಾ?" ಅಂತ ಕೇಳೋರಿಗೆಲ್ಲ ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಮನೆ ಹುಲ್ಲು ಯಾವುದು, ಮಣ್ಣು ಎಂಥದ್ದು? ಅದು ಗೊತ್ತಿಲ್ಲದೆ ಅಂಗಡಿಗೆ ಹೋದ್ರೆ ಜಾಹೀರಾತಿನವರು ಹೇಳಿದ್ದನ್ನ ಹೊತ್ಕೊಂಡು ಬರ್ತೀರಿ, ಅಷ್ಟೇ.

ಮಲ್ಚಿಂಗ್ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ಮಾಮೂಲಿ ಮೋವರ್ ಕೊಯ್ದ ಹುಲ್ಲನ್ನ ಹಿಂದಿನ ಚೀಲಕ್ಕೆ ಎಸೆಯುತ್ತೆ. ಮಲ್ಚಿಂಗ್‌ನಲ್ಲಿ ಆ ಬಾಯಿಗೊಂದು ಬಿರಡೆ ಹಾಕ್ತಾರೆ. ಹೋಗೋಕೆ ದಾರಿ ಇಲ್ಲದೆ ಹುಲ್ಲು ಬ್ಲೇಡಿನ ಮೇಲೇ ಸುತ್ತಿ ಸುತ್ತಿ ಮತ್ತೆ ಮತ್ತೆ ಕತ್ತರಿಸಿಕೊಂಡು ಪುಡಿಯಾಗಿ ಬುಡಕ್ಕೇ ಬೀಳುತ್ತೆ. ನಮ್ಮ ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ಅಡಿಕೆ ತೋಟಕ್ಕೆ ಮುಚ್ಚಿಗೆ ಹಾಕೋಕೆ ಅಂತಲೇ ಸೊಪ್ಪಿನ ಬೆಟ್ಟ ಇಟ್ಟುಕೊಂಡ ಜನ ಅವರು. ಇಲ್ಲಿ ಬೆಟ್ಟ ಬೇಡ, ಹುಲ್ಲಿಗೆ ಹುಲ್ಲೇ ಗೊಬ್ಬರ. ಒಣಗಿದ ಹುಲ್ಲಿನ ಪುಡಿಯಲ್ಲಿ ಹೆಚ್ಚುಕಡಿಮೆ ಶೇಕಡಾ 4ರಷ್ಟು ಸಾರಜನಕ ಇರುತ್ತೆ. ಅದನ್ನ ಹಸಿರು ಬಿನ್‌ಗೆ ಸುರಿದು, ವಾರದ ನಂತರ ಅಂಗಡಿಯಿಂದ ಗೊಬ್ಬರದ ಚೀಲ ತರೋದು ಯಾವ ಲೆಕ್ಕಾಚಾರ ಹೇಳಿ!

ಪರ್ತ್‌ನಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಊರಿನ ಬಹುಭಾಗ ಕೂತಿರೋದೇ ಮರಳಿನ ಮೇಲೆ. ಬೇಸಿಗೆಯಲ್ಲಿ ಒಣಗಿದ ಆ ಮರಳು ನೀರನ್ನೇ ಒಳಗೆ ಬಿಡೋದಿಲ್ಲ. ಹಾಕಿದ ನೀರು ಕೆಸುವಿನೆಲೆ ಮೇಲಿನ ಹನಿಯ ಹಾಗೆ ಉರುಳಿ ಹೋಗುತ್ತೆ. ಸ್ಪ್ರಿಂಕ್ಲರ್ ಹಾಕೋಕೆ ವಾರಕ್ಕೆ ಎರಡೇ ದಿನ, ಅದೂ ಮನೆ ನಂಬರಿನ ಪ್ರಕಾರ. ಸ್ವಂತ ಬೋರ್ ಇರೋರಿಗೆ ಮೂರು ದಿನ ಇತ್ತು, 2022ರ ಸೆಪ್ಟೆಂಬರ್‌ನಿಂದ ಅವರಿಗೂ ಎರಡೇ. 2010ರಿಂದ ಚಳಿಗಾಲದಲ್ಲಿ ಪೂರ್ತಿ ಬಂದ್. ಮೇಲೆ ಹಾಕಿದ ಗೊಬ್ಬರ ಮರಳಲ್ಲಿ ನಿಲ್ಲದೆ ಸೋರಿ ಅಂತರ್ಜಲಕ್ಕೆ, ಅಲ್ಲಿಂದ ಸ್ವಾನ್ ನದಿಗೆ. 2000ನೇ ಇಸವಿಯ ಫೆಬ್ರವರಿಯಲ್ಲಿ ಆ ನದಿಯಲ್ಲಿ ವಿಷಕಾರಿ ಪಾಚಿ ಹಬ್ಬಿ, ನೀರಿಗಿಳಿಯಬೇಡಿ ಅಂತ ನದಿಯನ್ನೇ ಮುಚ್ಚಿದ್ರು. ತಪ್ಪೆಲ್ಲ ಲಾನ್‌ಗಳದ್ದೇ ಅಲ್ಲ ಬಿಡಿ, ಹೊಲಗದ್ದೆಗಳ ಪಾಲೂ ಇದೆ. ಆದ್ರೂ ಪರ್ತ್‌ನಲ್ಲಿ ಹುಲ್ಲಿನ ಪುಡಿಯನ್ನ ಮಣ್ಣಿಗೆ ವಾಪಸ್ ಕೊಡೋದು ಬರೀ ದುಡ್ಡು ಉಳಿಸೋ ಮಾತಲ್ಲ.

ಇನ್ನು ಹುಲ್ಲು. ಇಲ್ಲಿನವರು 'ಕೂಚ್' ಅಂತ ಕರೆಯೋದು ಯಾವುದು ಗೊತ್ತಾ? ನಮ್ಮ ಗರಿಕೆ! ಸಂಕಷ್ಟಿಗೆ ಎಣಿಸಿ ಎಣಿಸಿ 21 ಕುಡಿ ಗಣಪನ ತಲೆ ಮೇಲೆ ಇಡ್ತೀವಲ್ಲ, ಅದೇ. ಇದು ಸಣ್ಣ ಎಲೆಯ ಹುಲ್ಲು, ಎರಡು-ಮೂರು ಸೆಂಟಿಮೀಟರಿಗೆ ಇಳಿಸಿ ಕೊಯ್ದರೂ ತಾಳುತ್ತೆ, ಎಂಥ ಮೋವರ್‌ಗೂ ಪುಡಿಯಾಗುತ್ತೆ. ಬಫಲೋ ಹುಲ್ಲು ಹಾಗಲ್ಲ. ಅಗಲ ಎಲೆ, ದಪ್ಪ ಬಳ್ಳಿ. 1996ರಲ್ಲಿ ಬಂದ 'ಸರ್ ವಾಲ್ಟರ್' ಅನ್ನೋ ತಳಿ ಇಲ್ಲಿ ತುಂಬಾ ಪ್ರಸಿದ್ಧ. ಅದನ್ನ ನಾಲ್ಕೈದು ಸೆಂಟಿಮೀಟರಿಗಿಂತ ಕೆಳಗೆ ಕೊಯ್ಯಬಾರದು. ಪುಡಿ ಮಾಡೋಕೆ ಶಕ್ತಿಯೂ ಜಾಸ್ತಿ ಬೇಕು. ಕಿಕುಯು ಪೂರ್ವ ಆಫ್ರಿಕಾದಿಂದ ಬಂದದ್ದು, ಬೇಲಿ ಹಾರಿ ಪಕ್ಕದ ಮನೆಗೂ ಹೋಗೋ ಜಾತಿ. ಕೊಯ್ದ ಹುಲ್ಲು ಬಿಟ್ರೆ ಬುಡದಲ್ಲಿ ಜಡ್ಡು ಕಟ್ಟುತ್ತೆ ಅಂತ ಹೆದರಿಸೋರಿದ್ದಾರೆ. ಆ ಜಡ್ಡು ಹೆಚ್ಚಾಗಿ ಬೇರು, ಬಳ್ಳಿಗಳದ್ದು. ಎಲೆಯ ಪುಡಿ ಬೇಗ ಕೊಳೆತು ಹೋಗುತ್ತೆ. ಒಂದೇ ಷರತ್ತು, ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಯ್ಯಬಾರದು.

ಈ ಷರತ್ತು ಸೋಲೋದು ಬ್ರಿಸ್ಬೇನ್‌ನಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಿಸಿಲೂ ಮಳೆಯೂ ಜೊತೆಗೇ. ಶನಿವಾರ ಕೊಯ್ದದ್ದು ಮುಂದಿನ ಶನಿವಾರಕ್ಕೆ ಮತ್ತೆ ಪಾದ ಮುಚ್ಚುತ್ತೆ. ಸಂಜೆ ಗುಡುಗು ಮಳೆ ಬಂದ್ರೆ ಬೆಳಿಗ್ಗೆಯೂ ಹುಲ್ಲು ಒದ್ದೆ. ಒದ್ದೆ ಹುಲ್ಲು ಡೆಕ್ ಒಳಗೆ ಅಂಟಿಕೊಂಡು, ಪುಡಿ ಬೀಳೋ ಬದಲು ದಾರಿಯುದ್ದಕ್ಕೂ ಸಗಣಿ ಮುದ್ದೆ ಹಾಕಿದ ಹಾಗೆ ಬೀಳುತ್ತೆ. ಅಲ್ಲಿ ಬರೀ ಮಲ್ಚಿಂಗ್ ಮಾಡೋ ಮೋವರ್ ತಗೋಬೇಡಿ. ಬಿರಡೆ ತೆಗೆದು ಚೀಲ ಹಾಕೋಕಾಗಬೇಕು, ಪಕ್ಕಕ್ಕೆ ಎಸೆಯೋ ಬಾಯಿಯೂ ಇರಬೇಕು, ಡೆಕ್ ಆಳ ಇರಬೇಕು. ಲಾನ್ ದೊಡ್ಡದಿದ್ರೆ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಮೋವರ್ ಇವತ್ತಿಗೂ ನನ್ನ ಆಯ್ಕೆ.

ಪೆಟ್ರೋಲ್ ಅಂದಾಗ ವಿಕ್ಟಾ ಹೆಸರು ಹೇಳದೆ ಇರೋಕಾಗಲ್ಲ. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್ಸನ್ ತನ್ನ ಮನೆಯಲ್ಲೇ ಮಾಡಿದ ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕ್ ಆಗಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ! 2000ದ ಒಲಿಂಪಿಕ್ಸ್ ಉದ್ಘಾಟನೆಯಲ್ಲೂ ಲಾನ್ ಮೋವರ್‌ಗಳ ಕುಣಿತ ಇತ್ತು. ಆ ಹಳೇ ಎರಡು ಸ್ಟ್ರೋಕ್ ಎಂಜಿನ್ನಿನ ಸದ್ದು, ಹೊಗೆ ಈಗ ಹೊಸದರಲ್ಲಿ ಸಿಗಲ್ಲ. 2018ರಿಂದ ಬಂದ ಹೊಗೆ ನಿಯಮದಿಂದಾಗಿ 2019ರ ಜುಲೈ ನಂತರ ಅಂಥ ಹೊಸ ಮಿಷನ್ ಮಾರೋ ಹಾಗಿಲ್ಲ. ಹಳೇದು ಮನೇಲಿದ್ರೆ ಬಳಸೋಕೆ ಅಡ್ಡಿಯಿಲ್ಲ.

ಅಡಿಲೇಡ್ ವಿಷಯ ಚಿಕ್ಕದು. ಬೇಸಿಗೆಯಲ್ಲಿ ಇಲ್ಲಿ ನೀರು ಹಾಕದ ಹುಲ್ಲು ಬೆಳೆಯೋದೇ ಕಮ್ಮಿ, ಸುತ್ತಮುತ್ತ ಹೊಸ ಮನೆಗಳ ಲಾನ್ ನಮ್ಮ ಊರಿನ ಅಂಗಳದಷ್ಟೇ. ನೂರು, ನೂರೈವತ್ತು ಚದರ ಮೀಟರಿಗೆ ಪೆಟ್ರೋಲ್ ದಂಡ. ಬ್ಯಾಟರಿ ಮೋವರ್ ಸಾಕು. ಆದ್ರೆ ಡಬ್ಬದ ಮೇಲಿನ ವೋಲ್ಟ್ ನೋಡಿ ಮರುಳಾಗಬೇಡಿ. ವೋಲ್ಟನ್ನ ಆಂಪ್-ಅವರ್‌ನಿಂದ ಗುಣಿಸಿ. 36 ವೋಲ್ಟ್, 4 ಆಂಪ್-ಅವರ್ ಅಂದ್ರೆ 144 ವ್ಯಾಟ್-ಅವರ್. 56 ವೋಲ್ಟ್, 5 ಆಂಪ್-ಅವರ್ ಅಂದ್ರೆ 280, ಹೆಚ್ಚುಕಡಿಮೆ ಎರಡರಷ್ಟು. ಅದರಲ್ಲೂ 56 ಅನ್ನೋದು ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ, ಸರಾಸರಿ ಹಿಡಿದ್ರೆ 50ರ ಆಸುಪಾಸು. ಡಬ್ಬದ ಮೇಲಿನ ನಿಮಿಷಗಳೂ ತೆಳು ಹುಲ್ಲಿಗೆ ಹೇಳಿದ್ದು. ಒಂದೇ ಎಲೆಯನ್ನ ನಾಲ್ಕು ಸಲ ಕತ್ತರಿಸಬೇಕಾದ ಮಲ್ಚಿಂಗ್‌ನಲ್ಲಿ ಬ್ಯಾಟರಿ ಬೇಗ ಖಾಲಿ. ಬಫಲೋ ಇದ್ರಂತೂ ಇನ್ನೊಂದು ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಪೆಟ್ರೋಲ್ ಜೊತೆ ಹೋಲಿಸಿ.

ಅಂಗಡಿಯಲ್ಲಿ ಮೋವರನ್ನ ಎತ್ತಿ ಬ್ಲೇಡ್ ತೋರಿಸೋಕೆ ಹೇಳಿ, ನಾಚಿಕೆ ಬೇಡ. ಹಿಂದುಗಡೆ ಮೇಲಕ್ಕೆ ಬಾಗಿದ ಉದ್ದ ಬ್ಲೇಡ್ ಗಾಳಿ ಎಬ್ಬಿಸಿ ಚೆನ್ನಾಗಿ ಪುಡಿ ಮಾಡುತ್ತೆ. ತಟ್ಟೆಗೆ ತೂಗುಹಾಕಿದ ಸಣ್ಣ ಬ್ಲೇಡುಗಳು ಕಲ್ಲಿಗೆ ತಾಗಿದ್ರೆ ಹಿಂದಕ್ಕೆ ಮಡಚ್ಕೊಳ್ತವೆ. ಹಿತ್ತಿಲಲ್ಲಿ ಕಲ್ಲಿದ್ರೆ ಎರಡನೇದು. ಪರ್ತ್ ಮರಳು ಬ್ಲೇಡನ್ನ ಉಜ್ಜಿ ಉಜ್ಜಿ ಬೇಗ ಮೊಂಡು ಮಾಡುತ್ತೆ, ಬದಲಿ ಬ್ಲೇಡ್ ಸುಲಭವಾಗಿ ಸಿಗುತ್ತಾ ಅಂತ ಮೊದಲೇ ಕೇಳ್ಕೊಳ್ಳಿ.

ಬಿಂಡಿ ಅನ್ನೋ ಮುಳ್ಳಿನ ಕಳೆ ಇದ್ರೆ, ಬೀಜ ಕಟ್ಟಿದ ದಿನಗಳಲ್ಲಿ ಮಲ್ಚಿಂಗ್ ಬಿಟ್ಟು ಚೀಲ ಹಾಕಿ. ಇಲ್ಲಾಂದ್ರೆ ನೀವೇ ಬಿತ್ತನೆ ಮಾಡಿದ ಹಾಗೆ. ನಮ್ಮ ನೆಗ್ಗಿಲು ಮುಳ್ಳಿನ ಜಾತಿಯಲ್ಲ ಅದು, ಆದ್ರೆ ಪಾದಕ್ಕೆ ಆಗೋ ನೋವು ಒಂದೇ. ಬ್ರಿಸ್ಬೇನ್‌ನವರು ಬೆಳಿಗ್ಗೆ ಏಳಕ್ಕೆ ಮೊದಲು, ಭಾನುವಾರ ಮತ್ತು ರಜಾ ದಿನ ಎಂಟಕ್ಕೆ ಮೊದಲು ಶುರು ಮಾಡೋ ಹಾಗಿಲ್ಲ, ಸಂಜೆ ಏಳರ ಮೇಲೂ ಇಲ್ಲ. ಮತ್ತೆ ಸ್ವಾಮೀ, ಲುಂಗಿ-ಹವಾಯಿ ಚಪ್ಪಲಿಯಲ್ಲಿ ಮೋವರ್ ತಳ್ಳೋದನ್ನ ಬಿಡಿ. ಗಟ್ಟಿ ಶೂ ಹಾಕಿ. ಡೆಕ್‌ನಲ್ಲಿ ಹುಲ್ಲು ಸಿಕ್ಕಿದ್ರೆ ಬ್ಯಾಟರಿ ಕಿತ್ತು, ಪೆಟ್ರೋಲಿನದ್ದಾದ್ರೆ ಎಂಜಿನ್ ನಿಲ್ಲಿಸಿ ಪ್ಲಗ್ಗಿನ ವೈರ್ ಬಿಚ್ಚಿ, ಆಮೇಲೇ ಕಡ್ಡಿಯಲ್ಲಿ ತೆಗೀರಿ.