ಪುಣೆಯಲ್ಲಿ ಕನ್ನಡಿಗನ ಗುಟ್ಟು ರಟ್ಟಾಗುವುದು ಎಲ್ಲಿ?

ಪುಣೆಯ ಲಕ್ಷ್ಮೀ ರಸ್ತೆಯ ಜನಜಂಗುಳಿಯಲ್ಲಿ ನಿಂತ ಕನ್ನಡಿಗನನ್ನು ಮುಖ ನೋಡಿ ಪರವೂರಿನವನೆಂದು ಹೇಳುವುದು ಕಷ್ಟ. ಮೈಬಣ್ಣ, ಉಡುಗೆ, ಹಣೆಯ ಕುಂಕುಮ, ಉಣ್ಣುವ ರೀತಿ ಎಲ್ಲ ಹೆಚ್ಚುಕಡಿಮೆ ಒಂದೇ. ಗುಟ್ಟು ರಟ್ಟಾಗುವುದು ಬಾಯಿ ತೆರೆದ ಮೇಲೆ. ಕೊರಳಿಗೆ ಕ್ಯಾಮೆರಾ ನೇತುಹಾಕಬೇಡಿ, ನಡುರಸ್ತೆಯಲ್ಲಿ ನಕಾಶೆ ಬಿಚ್ಚಬೇಡಿ ಎಂದು ವಿದೇಶಕ್ಕೆ ಹೊರಟವರಿಗೆ ಹೇಳುವ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು. ಪುಣೆಯಲ್ಲಿ ಬೆರೆಯಲು ಬೇಕಾದದ್ದು ವ್ಯಾಕರಣ.

ಈ ತೊಡಕು ಹಳೆಯದು. ಪುಣೆಗೆ ಹತ್ತಿರದ ದೇಹೂವಿನಲ್ಲಿದ್ದ ಹದಿನೇಳನೆಯ ಶತಮಾನದ ಸಂತ ತುಕಾರಾಮರ ಒಂದು ಅಭಂಗದಲ್ಲಿ ಮರಾಠಿ ಗಂಡನನ್ನು ಕಟ್ಟಿಕೊಂಡ ಕನ್ನಡತಿಯೊಬ್ಬಳು ಬರುತ್ತಾಳೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅವಳು ಕನ್ನಡದಲ್ಲಿ ‘ಇಲ್ಲಿ ಬಾ’ ಎಂದು ಕರೆದರೆ ಗಂಡ ಅದನ್ನು ಆಣೆ ಎಂದುಕೊಂಡು ಓಡುತ್ತಾನೆ. ದೇವರೊಂದಿಗೆ ತನ್ನ ಸಂಬಂಧ ಹೀಗಾಗದಿರಲಿ ಎಂದು ಬೇಡಿಕೊಳ್ಳಲು ತುಕಾರಾಮರು ಈ ಉಪಮೆ ತಂದರು. ಕೇಳುವವರಿಗೆಲ್ಲ ಅಂಥದೊಂದು ಜೋಡಿ ಪರಿಚಯವಿದ್ದಿರಬೇಕು.

ಇವತ್ತಿನ ಎಡವಟ್ಟು ಹೆಚ್ಚಾಗಿ ಲಿಂಗದ್ದು. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಗಂಡಸು, ಹೆಂಗಸು ಬಿಟ್ಟರೆ ಉಳಿದದ್ದೆಲ್ಲ ‘ಅದು’. ಮರಾಠಿಯಲ್ಲಿ ಜೀವವಿಲ್ಲದ ವಸ್ತುವಿಗೂ ಲಿಂಗವುಂಟು, ಅದನ್ನು ಊಹಿಸುವ ದಾರಿ ಹೊರಗಿನವನಿಗೆ ಸಿಗುವುದಿಲ್ಲ. ಹೋಟೆಲಿನ ಒಂದೇ ಮೇಜಿನ ಮೇಲೆ ಚಹಾ ಪುಲ್ಲಿಂಗ, ಕಾಫಿ ಸ್ತ್ರೀಲಿಂಗ, ನೀರು ನಪುಂಸಕ. ಮಾಣಿ ತಂದಿಟ್ಟದ್ದನ್ನು ಹೇಳಬೇಕಾದರೆ ಚಹಾ ‘ದಿಲಾ’, ಕಾಫಿ ‘ದಿಲೀ’, ಪಾಣಿ ‘ದಿಲಂ’. ಹೊರಗೆ ಬಂದರೆ ರಸ್ತೆ ಪುಲ್ಲಿಂಗ, ಅದರ ಮೇಲೆ ಓಡುವ ಬಸ್ಸೂ ರಿಕ್ಷಾವೂ ಸ್ತ್ರೀಲಿಂಗ, ಪಕ್ಕದ ಅಂಗಡಿ ನಪುಂಸಕ. ಮೂವತ್ತು ವರ್ಷ ಪುಣೆಯಲ್ಲಿ ಬಾಳಿದವರೂ ಅವಸರದಲ್ಲಿ ಬಸ್ಸನ್ನು ಗಂಡಾಗಿಸಿಬಿಡುತ್ತಾರೆ. ಹಾಸ್ಯ ಲೇಖಕ ಪು. ಲ. ದೇಶಪಾಂಡೆ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರು ಬರೆದ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದ ನಾಯಕ, ಲಿಂಗದ ಹಂಗಿಲ್ಲದೆ ಕನ್ನಡ ಬೆರೆತ ಮರಾಠಿ ಆಡುವ ಬೆಳಗಾವಿಯ ಗೃಹಸ್ಥ. ಮರಾಠಿಗರು ಅವನನ್ನು ಕಂಡು ನಕ್ಕರು, ಪ್ರೀತಿಸಿದರು ಕೂಡ.

ಉಚ್ಚಾರದಲ್ಲಿ ಕನ್ನಡಿಗನಿಗೆ ಒಂದು ಲಾಭವಿದೆ. ‘ಳ’ ಅವನಿಗೆ ಹುಟ್ಟಿನಿಂದ ಬಂದದ್ದು. ಖಾರದ ತಿಂಡಿಯೊಂದನ್ನು ಉತ್ತರದವರು ‘ಮಿಸಲ್’ ಎಂದು ತಡವರಿಸುವಲ್ಲಿ ಅವನು ‘ಮಿಸಳ್’ ಎಂದು ಸಲೀಸಾಗಿ ಕೇಳುತ್ತಾನೆ. ಮೇಲಿನ ಖಾರದ ರಸ ಇನ್ನಷ್ಟು ಬೇಕಿದ್ದರೆ ಪುಣೆಯಲ್ಲಿ ಅದಕ್ಕೆ ‘ಸ್ಯಾಂಪಲ್’ ಎನ್ನಬೇಕು. ಮುಗ್ಗರಿಸುವುದು ‘ಚ’, ‘ಜ’ಗಳಲ್ಲಿ. ಮರಾಠಿಯಲ್ಲಿ ಇವಕ್ಕೆ ಎರಡೆರಡು ಉಚ್ಚಾರ. ಚಾರ್ ಎಂಬಲ್ಲಿ ನಮ್ಮದೇ ‘ಚ’, ಐದು ಎಂಬರ್ಥದ ‘ಪಾಚ’ದಲ್ಲಿ ಹಲ್ಲಿಗೆ ತಾಗುವ ‘ತ್ಸ’. ಇದನ್ನೆಲ್ಲ ಗೆದ್ದರೂ ಉಳಿಯುವುದು ಮಾತಿನ ಏರಿಳಿತ. ಅದಕ್ಕೆ ಮರಾಠಿಯವರು ಕೊಟ್ಟ ಹೆಸರು ‘ಕಾನಡೀ ಹೇಲ್’. ಎರಡನೆಯ ಶಬ್ದ ಕನ್ನಡದ ಕಿವಿಗೆ ಹೇಗೆ ಬೀಳುತ್ತದೆಂಬುದು ಅವರಿಗೆ ತಿಳಿಯದಿರುವುದೇ ಒಳ್ಳೆಯದು.

ಕರೆಯುವ ಮಾತಿನಲ್ಲೂ ಎಚ್ಚರ ಬೇಕು. ಬೆಂಗಳೂರಿನ ರೂಢಿಯಂತೆ ರಿಕ್ಷಾದವನನ್ನು ‘ಅಣ್ಣ’ ಎಂದರೆ ಅವನು ತಿರುಗಿ ನೋಡಿಯಾನು, ಆದರೆ ಆಡಿದವನ ಊರೂ ಅವನಿಗೆ ಗೊತ್ತಾಗುತ್ತದೆ. ಬೀದಿಯಲ್ಲಿ ಸಲ್ಲುವುದು ದಾದಾ, ಕಾಕಾ, ತಾಯಿ, ಮಾವಶಿ. ಇಲ್ಲಿ ‘ತಾಯಿ’ ಎಂದರೆ ಅಕ್ಕ. ಅಣ್ಣಾ, ಅಕ್ಕಾ ಎಂಬ ಶಬ್ದಗಳು ಮರಾಠಿ ಮನೆಗಳ ಒಳಗೂ ಇವೆ, ಕನ್ನಡದಿಂದಲೇ ಹೋದವು. ತುಪ್ಪ ಅಲ್ಲಿ ‘ತೂಪ್’, ಅಡಕತ್ತರಿ ‘ಅಡಕಿತ್ತಾ’. ಹೀಗಾಗಿ ಬಡಿಸುವಾಗ ‘ತೂಪ್’ ಕೇಳುವ ಕನ್ನಡಿಗ ಅರ್ಧ ತನ್ನ ಮಾತನ್ನೇ ಆಡುತ್ತಿರುತ್ತಾನೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ನಾವು’. ಮರಾಠಿಯಲ್ಲಿ ಕೇಳುಗನನ್ನು ಸೇರಿಸಿಕೊಂಡ ನಾವು ‘ಆಪಣ’, ಹೊರಗಿಟ್ಟ ನಾವು ‘ಆಮ್ಹೀ’. ಊಟಕ್ಕೆ ಹೋಗೋಣ ಎಂದು ಗೆಳೆಯನನ್ನು ಕರೆಯುವಾಗ ‘ಆಮ್ಹೀ’ ಬಳಸಿದರೆ, ನಾವು ಹೊರಟೆವು, ನೀನು ಇಲ್ಲೇ ಇರು ಎಂದಂತಾಗುತ್ತದೆ. ಈ ಭೇದ ಮರಾಠಿಗೆ ದ್ರಾವಿಡ ಭಾಷೆಗಳ ಸಹವಾಸದಿಂದ ಬಂದಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂದಿನ ಕನ್ನಡದಲ್ಲಿ ಅದಿಲ್ಲ. ತುಳುವಿನಲ್ಲಿ ‘ನಮ’, ‘ಎಂಕುಲು’ ಎಂದು ಇನ್ನೂ ಉಳಿದಿದೆ. ಕರಾವಳಿಯಿಂದ ಬಂದವರು ಈ ಒಂದು ಪಾಠದಲ್ಲಿ ಧಾರವಾಡದವರಿಗಿಂತ ಮುಂದೆ.

ನಗರದ ಗಡಿಯಾರವನ್ನೂ ಕಲಿಯಬೇಕು. ಹಳೆಯ ಪೇಠೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವುದು ರೂಢಿ. ಬಾಕರವಡಿಗೆ ಹೆಸರಾದ ಚಿತಳೆ ಬಂಧು 2017ರಲ್ಲಿ ಮಧ್ಯಾಹ್ನವೂ ತೆರೆದಿಡಲು ನಿರ್ಧರಿಸಿದಾಗ ಅದು ಸುದ್ದಿಯಾಯಿತು. ಇಲ್ಲಿನ ಮನೆಗಳ ಗೇಟಿನ ಮೇಲಿನ ಕುಟುಕು ಫಲಕಗಳನ್ನು ಓದಿ ನಗಬೇಕು, ಸಿಟ್ಟಾಗಬಾರದು. ಮುಂಬೈಕರ, ಪುಣೇಕರ, ನಾಗಪುರಕರ ಇವರಲ್ಲಿ ಯಾರಾಗಬೇಕು ಎಂದು ಕೇಳುವ ಪು. ಲ. ಅವರ ಪ್ರಸಿದ್ಧ ಲೇಖನವೊಂದಿದೆ. ಅದರ ಪ್ರಕಾರ ಪುಣೇಕರನಾಗಲು ಸಿಕ್ಕಿದ್ದಕ್ಕೆಲ್ಲ ಉರಿಯುವ ಅಭಿಮಾನ ಬೇಕು, ತಿಳಿಯದ ವಿಷಯದಲ್ಲೂ ಖಚಿತ ಅಭಿಪ್ರಾಯ ಬೇಕು. ಇದನ್ನು ಕಲಿಯಲು ಭಾಷೆ ಅಡ್ಡಬರುವುದಿಲ್ಲ.

ಹೀಗೆ ಬೆರೆತ ಕನ್ನಡಿಗರು ಹಿಂದೆಯೂ ಇದ್ದರು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಆಡಳಿತದಲ್ಲೇ ಇದ್ದವು. ಓದಲು, ಹಾಡಲು ಪುಣೆಗೆ ಬರುವುದು ಸಹಜವಾಗಿತ್ತು. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಓದಿ ಕನ್ನಡದ ಕವಿಯಾದರು. ಕುಂದಗೋಳದ ರಾಮಚಂದ್ರ, ಊರಿಗೆ ‘ಕರ’ ಹಚ್ಚಿದ ಮರಾಠಿ ಪದ್ಧತಿಯಲ್ಲಿ ಕುಂದಗೋಳಕರ ಎನಿಸಿಕೊಂಡು ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವರಾಗಿ ಮೆರೆದರು, 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಹುಬ್ಬಳ್ಳಿ ಕಡೆಯ ಶಾಂತಾ ಹುಬಳೀಕರ 1939ರಲ್ಲಿ ಪುಣೆಯ ಪ್ರಭಾತ್ ಕಂಪನಿಯ ‘ಮಾಣೂಸ್’ ಚಿತ್ರದ ನಾಯಕಿ. ಸವಾಯಿ ಗಂಧರ್ವರ ಶಿಷ್ಯ, ಗದಗಿನ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದು ಪುಣೇಕರರ ಅಭಿಮಾನದ ಪಟ್ಟಿಯಲ್ಲಿ ಮೇಲೆಯೇ ಇದೆ. ತುಕಾರಾಮರ ಅಭಂಗಗಳನ್ನು ಮರಾಠಿ ಮನೆಮನೆಗೆ ಮುಟ್ಟಿಸಿದ ಕಂಠಗಳಲ್ಲಿ ಈ ಕನ್ನಡಿಗನದು ಮುಖ್ಯವಾದದ್ದು.

ಬೆರೆಯುವುದರಲ್ಲಿ ಹೋಟೆಲಿನವರನ್ನು ಮೀರಿಸಿದವರಿಲ್ಲ. ಕಾರ್ಕಳದ ಕಡೆಯಿಂದ ಬಂದ ಜಗನ್ನಾಥ ಶೆಟ್ಟಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಬೆಳೆಸಿದ ‘ವೈಶಾಲಿ’, ‘ರೂಪಾಲಿ’ ತಲೆಮಾರುಗಳ ಪುಣೇಕರರ ಹರಟೆಯ ತಾಣ. 2023ರಲ್ಲಿ ಅವರು ತೀರಿಕೊಂಡಾಗ ಸ್ವಂತ ಊರಿನ ಹಿರಿಯನೊಬ್ಬ ಹೋದಂತೆ ನಗರ ದುಃಖಿಸಿತು. ‘ವೈಶಾಲಿ’ಯಲ್ಲಿ ಇಡ್ಲಿ, ದೋಸೆಯಷ್ಟೇ ಹೆಸರಾದದ್ದು ಉಡುಪಿಯ ಅಡುಗೆಗೆ ಸಂಬಂಧವೇ ಇಲ್ಲದ ಎಸ್‌ಪಿಡಿಪಿ, ಅಂದರೆ ಸೇವ್-ಪೊಟಾಟೊ-ದಹಿ-ಪುರಿ. ಇಂಥ ಹೋಟೆಲುಗಳಲ್ಲಿ ಗಿರಾಕಿಯೊಂದಿಗೆ ಮರಾಠಿ, ಅಡುಗೆಮನೆಯತ್ತ ತುಳು. ಊರಿಂದ ಹೊಸದಾಗಿ ಬಂದವನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹೊಡೆದ ವಾಕ್ಯವನ್ನು ಲಿಂಗ ತಪ್ಪದೆ ಒಪ್ಪಿಸಿ ಚಹಾ ಕೇಳುತ್ತಾನೆ. ಗಲ್ಲೆಯ ಮೇಲಿದ್ದವರು ಚಿಲ್ಲರೆ ಎಣಿಸುತ್ತಲೇ ‘ಯಾವ ಊರು ನಿಮ್ದು?’ ಎನ್ನುತ್ತಾರೆ.