ಮಕ್ಕಳೊಡನೆ ಕಾಡಿಗೆ ಹೊರಡುವ ಮುನ್ನ

ರಜೆ ಸಮೀಪಿಸಿತೆಂದರೆ ಮನೆಮನೆಗಳಲ್ಲಿಯೂ ಪ್ರವಾಸದ ಮಾತು ಮೊದಲಾಗುತ್ತದೆ. ತಿರುಪತಿ, ಧರ್ಮಸ್ಥಳ, ಮೈಸೂರು ಮುಂತಾದವು ನಮ್ಮ ಮಕ್ಕಳು ತಾಯಿಯ ಕಂಕುಳಲ್ಲಿದ್ದಾಗಲೇ ಕಂಡುಬಂದ ಸ್ಥಳಗಳು. ಎಂಟನೆಯ ತರಗತಿಯನ್ನು ದಾಟಿದ ಹುಡುಗ ಹುಡುಗಿಯರ ಮನಸ್ಸು ಅಷ್ಟಕ್ಕೇ ತೃಪ್ತಿಗೊಳ್ಳುವುದಿಲ್ಲ. ಹುಲಿಯನ್ನು ಕಾಣಬೇಕು, ಬೆಟ್ಟವನ್ನೇರಬೇಕು, ಹರಿಗೋಲಿನಲ್ಲಿ ಕುಳಿತು ಹೊಳೆಯ ಸೆಳವಿನಲ್ಲಿ ಸಾಗಬೇಕು ಎಂಬ ಹಂಬಲವು ಆ ವಯಸ್ಸಿಗೆ ಸಹಜವಾದುದು. ತಂದೆತಾಯಿಗಳಿಗಾದರೋ ಭಯ. ಮಕ್ಕಳ ಹಂಬಲವೂ ಹಿರಿಯರ ಭಯವೂ ಎರಡೂ ನ್ಯಾಯವಾದವುಗಳೇ. ಇವೆರಡನ್ನೂ ಹೊಂದಿಸಿಕೊಂಡು ಅರಣ್ಯ ಪ್ರವಾಸವನ್ನು ಯೋಜಿಸುವ ಬಗೆ ಹೇಗೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ನಾವು ಎಲ್ಲಿದ್ದೇವೆ ಎಂಬುದನ್ನು ಅರಿಯೋಣ. ಮತ್ತಿಗಿರಿಯಲ್ಲಿ ನಿಂತವನಿಗೆ ಕಾಡು ದೂರದ ದೇಶವಲ್ಲ. ಇಲ್ಲಿಂದ ತಳಿಯ ಕಡೆಗೆ ಹೋದರೆ ಜವಳಗಿರಿಯ ಅರಣ್ಯ. ಡೆಂಕಣಿಕೋಟೆಯನ್ನು ದಾಟಿದರೆ ಅಯ್ಯೂರು, ಅಂಚೆಟ್ಟಿ ಮತ್ತು ಮೇಲಗಿರಿಯ ಬೆಟ್ಟಸಾಲು. ಈ ಅರಣ್ಯಗಳಲ್ಲಿ 504 ಚದರ ಕಿಲೋಮೀಟರ್ ಪ್ರದೇಶವನ್ನು ತಮಿಳುನಾಡು ಸರ್ಕಾರವು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ಘೋಷಿಸಿತು. 2022ರಲ್ಲಿ 686 ಚದರ ಕಿಲೋಮೀಟರ್ ವಿಸ್ತೀರ್ಣದ ಕಾವೇರಿ ದಕ್ಷಿಣ ವನ್ಯಜೀವಿಧಾಮವೂ ಏರ್ಪಟ್ಟಿತು. ಉತ್ತರಕ್ಕೆ ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನ, ಪಶ್ಚಿಮಕ್ಕೆ ಕರ್ನಾಟಕದ ಕಾವೇರಿ ವನ್ಯಜೀವಿಧಾಮ, ಅದರಾಚೆಗೆ ಮಲೆಮಹದೇಶ್ವರನ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ, ಮುದುಮಲೈ, ಬಂಡೀಪುರ, ನಾಗರಹೊಳೆ. ಭೂಪಟದ ಮೇಲೆ ಬೆರಳಿಟ್ಟು ನೋಡಿದರೆ ಇವೆಲ್ಲವೂ ಒಂದರ ಕೈಯನ್ನು ಒಂದು ಹಿಡಿದಂತೆ ಹಬ್ಬಿರುವ ಕಾಡುಗಳು. ರಾಜ್ಯಗಳ ಗಡಿಯನ್ನು ನಾವು ಎಣಿಸುತ್ತೇವೆ, ಆನೆಗಳು ಎಣಿಸುವುದಿಲ್ಲ.

ರಾಗಿಯ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಆನೆಯ ಹಿಂಡುಗಳು ತಳಿ, ಜವಳಗಿರಿಗಳ ಮಾರ್ಗವಾಗಿ ಇಳಿದು ಹೊಸೂರಿನ ಸಮೀಪದ ಸಾನಮಾವು ಕಾಡಿನವರೆಗೂ ಬರುವುದನ್ನು ನಾವೆಲ್ಲರೂ ಬಲ್ಲೆವು. ಬೆಳೆದ ಆನೆಯೊಂದಕ್ಕೆ ದಿನವೊಂದಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನಲ್ಲಿ ಲಂಟಾನದ ಪೊದೆ ಹಬ್ಬಿ ಹುಲ್ಲು ಕಡಿಮೆಯಾದಾಗ, ಪಕ್ಕದ ಹೊಲದಲ್ಲಿ ರುಚಿಯೂ ಪುಷ್ಟಿಯೂ ಉಳ್ಳ ರಾಗಿ ನಿಂತಿರುವಾಗ, ಅದು ಹೊಲಕ್ಕೆ ಬಾರದೆ ಇರುವುದೆಂತು? ಇತ್ತ ರೈತನಿಗೆ ಅದು ವರ್ಷದ ಅನ್ನ. ಅವನು ಅಟ್ಟಣೆಯ ಮೇಲೆ ಚಳಿಯಲ್ಲಿ ರಾತ್ರಿಗಳನ್ನು ಕಳೆಯುತ್ತಾನೆ. ಪಟಾಕಿ ಸಿಡಿಸುತ್ತಾನೆ, ತಮಟೆ ಬಾರಿಸುತ್ತಾನೆ. ಒಮ್ಮೊಮ್ಮೆ ಮನುಷ್ಯನೂ ಸಾಯುತ್ತಾನೆ, ಆನೆಯೂ ಸಾಯುತ್ತದೆ.

ಈ ವಿಷಯವನ್ನು ಪ್ರವಾಸದ ಲೇಖನದಲ್ಲಿ ಏಕೆ ತಂದೆನೆಂದರೆ, ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯಿಂದ. ನಾವು ಎರಡು ಕುಟುಂಬದವರು ಕೂಡಿ ಬಂಡೀಪುರಕ್ಕೆ ಹೋಗಿದ್ದೆವು. ಜೊತೆಯಲ್ಲಿ ಐವರು ಮಕ್ಕಳು. ಅವರಲ್ಲೊಬ್ಬಳು ತಳಿಯ ಕಡೆಯ ಹಳ್ಳಿಯ ಹುಡುಗಿ, ನಮ್ಮ ಬಂಧುಗಳ ಮಗಳು. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಹೋಗುತ್ತಿರುವಾಗ ಕೆರೆಯಂಚಿನಲ್ಲಿ ಮರಿಗಳೊಡನೆ ಆನೆಯ ಹಿಂಡು ಕಂಡಿತು. ಮಕ್ಕಳಿಗೆಲ್ಲ ಹರ್ಷವೋ ಹರ್ಷ. ಆ ಹುಡುಗಿ ಮಾತ್ರ ಸುಮ್ಮನಿದ್ದಳು. ಸಂಜೆ ಕಾಫಿ ಕುಡಿಯುವಾಗ ಅವಳು ಕೇಳಿದಳು: "ಇಲ್ಲಿ ದುಡ್ಡು ಕೊಟ್ಟು ಆನೆ ನೋಡ್ತೀವಿ, ನಮ್ಮೂರಿಗೆ ಬಂದ್ರೆ ಪಟಾಕಿ ಹಚ್ತೀವಿ. ಎರಡೂ ಒಂದೇ ಆನೆ ಅಲ್ವಾ ಮಾಮ?" ಹಿಂದಿನ ವರ್ಷ ಅವರ ಹೊಲದ ರಾಗಿಯೆಲ್ಲ ಒಂದೇ ರಾತ್ರಿಯಲ್ಲಿ ತುಳಿತಕ್ಕೆ ಸಿಕ್ಕಿತ್ತೆಂಬುದು ನನಗೆ ಆಗ ನೆನಪಾಯಿತು. ನಾನು ತಕ್ಷಣ ಉತ್ತರ ಹೇಳಲಾರದೆ ಹೋದೆನು. ಕಾಡಿನ ಪ್ರವಾಸವೆಂಬುದು ಕೇವಲ ವಿನೋದವಲ್ಲ, ಇಂತಹ ಪ್ರಶ್ನೆಗಳನ್ನು ಎದುರಿಸಲು ಮಕ್ಕಳನ್ನು ಸಿದ್ಧಗೊಳಿಸುವ ಪಾಠವೂ ಹೌದೆಂದು ಅಂದಿನಿಂದ ನಾನು ಬಲವಾಗಿ ನಂಬಿದ್ದೇನೆ.

ಸ್ಥಳದ ಆಯ್ಕೆ

ಕಾಡನ್ನು ಹಿಂದೆಂದೂ ಕಾಣದ ಮಕ್ಕಳನ್ನು ಮೊದಲ ಸಲವೇ ದೂರದ ದಟ್ಟಾರಣ್ಯಕ್ಕೆ ಕರೆದೊಯ್ಯುವುದು ವಿವೇಕವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಮೊದಲನೆಯ ಮೆಟ್ಟಿಲು ಬನ್ನೇರುಘಟ್ಟ. ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಇಲ್ಲಿಯ ಜೈವಿಕ ಉದ್ಯಾನದಲ್ಲಿ ಹುಲಿ, ಸಿಂಹ, ಕರಡಿಗಳನ್ನು ವಿಶಾಲವಾದ ಆವರಣಗಳಲ್ಲಿ ವಾಹನದಿಂದ ನೋಡಬಹುದು; 2006ರಲ್ಲಿ ತೆರೆದ ಚಿಟ್ಟೆಗಳ ಉದ್ಯಾನವೂ ಇದೆ. ಮಂಗಳವಾರ ಉದ್ಯಾನಕ್ಕೆ ರಜೆಯೆಂಬುದನ್ನು ಮರೆಯಬಾರದು.

ಎರಡನೆಯದು ಹೊಗೇನಕಲ್. ಡೆಂಕಣಿಕೋಟೆ, ಅಂಚೆಟ್ಟಿಗಳ ಮೇಲೆ ಹೋಗುವ ದಾರಿ ಕಾಡಿನ ನಡುವೆ ಹಾಯುತ್ತದೆ. ಹಾಲಿನಂತೆ ಬೀಳುವ ನೀರಿನಿಂದೇಳುವ ತುಂತುರು ಹೊಗೆಯಂತೆ ಕಾಣುವುದರಿಂದ ಈ ಸ್ಥಳಕ್ಕೆ 'ಹೊಗೆಯ ಕಲ್ಲು' ಎಂಬ ಅಚ್ಚಗನ್ನಡದ ಹೆಸರು ಬಂದಿದೆ. ಕಾವೇರಿಯ ದಡದ ಮತ್ತಿಯ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ಇದು ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿಯೂ ಸಿಂಹಳದಲ್ಲಿಯೂ ಮಾತ್ರ ಕಾಣಬರುವ ಪ್ರಾಣಿ. ನದಿಯಲ್ಲಿ ನೀರುನಾಯಿ, ಮೊಸಳೆಗಳುಂಟು. ಆದಕಾರಣ ಕಂಡಕಂಡಲ್ಲಿ ನೀರಿಗಿಳಿಯಕೂಡದು. ಜೀವರಕ್ಷಕ ಅಂಗಿಯನ್ನು ತೊಡದೆ ಹರಿಗೋಲನ್ನು ಹತ್ತಕೂಡದು. ಮಳೆಗಾಲದಲ್ಲಿ ಪ್ರವಾಹವೇರಿದಾಗ ಹರಿಗೋಲುಗಳನ್ನು ನಿಲ್ಲಿಸುತ್ತಾರೆ; ಅಂತಹ ದಿನ ಅಂಬಿಗನಿಗೆ ಹೆಚ್ಚು ಹಣದ ಆಸೆ ತೋರಿಸುವುದು ತನ್ನ ಮಕ್ಕಳ ಪ್ರಾಣವನ್ನೇ ಪಣಕ್ಕಿಟ್ಟಂತೆ.

ಮೂರನೆಯದು ಬಂಡೀಪುರ ಮತ್ತು ಮುದುಮಲೈ. ನಮ್ಮಲ್ಲಿಂದ ಸುಮಾರು 250 ಕಿಲೋಮೀಟರ್ ದೂರ. ಮೂರು ನಾಲ್ಕು ದಿನಗಳಾದರೂ ಬೇಕು. ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದರಲ್ಲಿ ಸೇರಿದ ಕಾಡು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳೂ, 2023ರ ಗಣತಿಯಲ್ಲಿ 6,395 ಆನೆಗಳೂ ಇವೆಯೆಂದು ಅಂದಾಜು ಮಾಡಲಾಯಿತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6 ಗಂಟೆಯವರೆಗೆ ವಾಹನಸಂಚಾರಕ್ಕೆ ನಿಷೇಧವಿರುವುದರಿಂದ ಹೊರಡುವ ವೇಳೆಯನ್ನು ಅದಕ್ಕೆ ತಕ್ಕಂತೆ ಗೊತ್ತುಪಡಿಸಿಕೊಳ್ಳಬೇಕು. ಮುದುಮಲೈಯ ತೆಪ್ಪಕಾಡಿನಲ್ಲಿ ಸಾಕಾನೆಗಳಿಗೆ ಮಾವುತರು ರಾಗಿಯ ಮುದ್ದೆಯನ್ನು ಉಣಿಸುವುದನ್ನು ನೋಡಬಹುದು. ನಮ್ಮ ಊಟವೇ ಆನೆಯ ಊಟವೂ ಆಗಿರುವುದನ್ನು ಕಂಡು ಮಕ್ಕಳು ಸಂತೋಷಪಡುವರು.

ಕಾಲದ ಆಯ್ಕೆ

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ, ಕಾಡು ಹಸಿರಾಗಿರುತ್ತದೆ. ಆದರೆ ಪೊದೆಗಳು ದಟ್ಟವಾಗಿರುವುದರಿಂದ ಮೃಗಗಳು ಕಣ್ಣಿಗೆ ಬೀಳುವುದು ಕಡಿಮೆ. ಮಾರ್ಚಿಯಿಂದ ಮೇ ತಿಂಗಳವರೆಗೆ ಎಲೆಯುದುರಿ, ನೀರಿನ ಹೊಂಡಗಳು ಬತ್ತಿ, ಉಳಿದ ಕೆರೆಗಳಿಗೆ ಮೃಗಗಳು ಬರುತ್ತವೆ. ಕಾಣುವ ಅವಕಾಶ ಹೆಚ್ಚು. ಆದರೆ ಅದೇ ಕಾಡ್ಗಿಚ್ಚಿನ ಕಾಲ.

ಈ ಮಾತನ್ನು ಹಗುರವಾಗಿ ಭಾವಿಸಬಾರದು. 2018ರ ಮಾರ್ಚಿ 11ರಂದು ತೇಣಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ ತಂಡಗಳು ಕಾಡ್ಗಿಚ್ಚಿನಲ್ಲಿ ಸಿಕ್ಕಿಕೊಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಅವರಲ್ಲಿ ಬಹುಮಂದಿ ಯುವಕ ಯುವತಿಯರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಯು ಮೇಲ್ಮುಖವಾಗಿ ಮನುಷ್ಯನ ಓಟಕ್ಕಿಂತ ವೇಗವಾಗಿ ಏರುತ್ತದೆ. ಆ ದುರಂತದ ನಂತರ ತಮಿಳುನಾಡಿನಲ್ಲಿ ಚಾರಣಕ್ಕೆ ನಿಯಮಗಳನ್ನು ರಚಿಸಲಾಯಿತು. 2024ರ ಅಕ್ಟೋಬರಿನಲ್ಲಿ 'ಟ್ರೆಕ್ ತಮಿಳುನಾಡು' ಎಂಬ ಯೋಜನೆ ಆರಂಭವಾಯಿತು. ಇದರಲ್ಲಿ ಹೆಸರು ನೋಂದಾಯಿಸಿಕೊಂಡು, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಯೊಡನೆ, ಗೊತ್ತುಮಾಡಿದ ದಾರಿಗಳಲ್ಲಿ ಮಾತ್ರ ಹೋಗಬೇಕು. ಬೆಂಕಿಯ ಕಾಲದಲ್ಲಿ ಬೆಟ್ಟದ ಚಾರಣವನ್ನು ಕೈಬಿಟ್ಟು, ವಾಹನದಲ್ಲಿ ಕಾಡು ನೋಡುವುದೇ ಮೇಲು.

ಅನುಮತಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ವನ್ಯಜೀವಿಧಾಮವನ್ನು ಪ್ರವೇಶಿಸುವುದು ಅಪರಾಧ. "ನನಗೆ ದಾರಿ ಗೊತ್ತು, ಇಲಾಖೆಯವರು ಏನೂ ಅನ್ನುವುದಿಲ್ಲ" ಎಂದು ಕರೆದೊಯ್ಯುವವರು ಉಂಟು. ಅಂತಹವರ ಹಿಂದೆ ಹೋಗಲಾಗದು. ದಂಡದ ಭಯವೊಂದೇ ಇದಕ್ಕೆ ಕಾರಣವಲ್ಲ. ಅನುಮತಿ ಪಡೆದು ಹೋದವರು ಎಲ್ಲಿದ್ದಾರೆಂಬುದು ಅರಣ್ಯ ಸಿಬ್ಬಂದಿಗೆ ತಿಳಿದಿರುತ್ತದೆ. ಬೆಂಕಿ ಬಿದ್ದರೆ, ಆನೆ ಬಂದರೆ, ಹುಡುಕಿಕೊಂಡು ಬರುತ್ತಾರೆ. ಕದ್ದು ಹೋದವರನ್ನು ಹುಡುಕುವವರಾರು?

ಸಿದ್ಧತೆ

ಯೋಜನೆಯನ್ನು ಹಿರಿಯರೇ ಮಾಡಿ ಮಕ್ಕಳನ್ನು ಮೂಟೆಯಂತೆ ಗಾಡಿಗೇರಿಸುವುದು ಸರಿಯಲ್ಲ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಹೊಣೆ ಕೊಟ್ಟಷ್ಟೂ ಅವರ ವಿವೇಕ ಬೆಳೆಯುತ್ತದೆ. ಒಬ್ಬನು ಭೂಪಟ ಹಿಡಿದು ದಾರಿಯನ್ನೂ ವೇಳೆಯನ್ನೂ ಗೊತ್ತುಮಾಡಲಿ. ಒಬ್ಬಳು ಖರ್ಚಿನ ಲೆಕ್ಕ ಬರೆಯಲಿ. ಇನ್ನೊಬ್ಬರು ಔಷಧಿಯ ಪೆಟ್ಟಿಗೆಯನ್ನು ನೋಡಿಕೊಳ್ಳಲಿ. ಮತ್ತೊಬ್ಬರು ಕಂಡ ಪ್ರಾಣಿಪಕ್ಷಿಗಳ ಹೆಸರು, ಸ್ಥಳ, ಗಂಟೆಗಳನ್ನು ದಿನಚರಿಯಲ್ಲಿ ಗುರುತಿಸಲಿ. ಹೊರಡುವ ಮೊದಲು ಸ್ವಲ್ಪ ಓದೂ ನಡೆಯಲಿ. ಕೆನೆತ್ ಆಂಡರ್ಸನ್ನನು 1954ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕದಲ್ಲಿ ನಮ್ಮ ಜವಳಗಿರಿಯ ನರಭಕ್ಷಕ ಹುಲಿಯ ವೃತ್ತಾಂತವನ್ನು ಬರೆದಿದ್ದಾನೆ. ಅವನ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿ ಸಸ್ಯಗಳನ್ನು ಗುರುತಿಸಿದ ಅನುಭವವನ್ನು ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಗ್ರಂಥದಲ್ಲಿ ಸರಸವಾಗಿ ನಿರೂಪಿಸಿದ್ದಾರೆ.

ಉಡುಪು ಮಣ್ಣಿನ ಅಥವಾ ಎಲೆಯ ಬಣ್ಣದ್ದಾಗಿರಲಿ, ತುಂಬುತೋಳಿನದಾಗಿರಲಿ. ಕಾಲಿಗೆ ಮುಚ್ಚಿದ ಬೂಟು, ತಲೆಗೆ ಟೋಪಿ, ಕುಡಿಯುವ ನೀರು, ಟಾರ್ಚು, ಸಾಧ್ಯವಾದರೆ ದುರ್ಬೀನು. ಸುಗಂಧದ್ರವ್ಯ ಬೇಡ. ಕಾಡಿನಲ್ಲಿ ಮೊಬೈಲಿಗೆ ಸಂಪರ್ಕ ದೊರೆಯದ ಸ್ಥಳಗಳು ಬಹಳ. ಆದುದರಿಂದ ಯಾವ ದಿನ ಎಲ್ಲಿ ತಂಗುವಿರಿ, ಯಾವಾಗ ಹಿಂದಿರುಗುವಿರಿ ಎಂಬುದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೊರಡಬೇಕು.

ಆರೋಗ್ಯದ ವಿಷಯ

ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲವೂ ಅಪಾಯಕರ. ಕಚ್ಚಿಸಿಕೊಂಡವರನ್ನು ಸಮಾಧಾನಪಡಿಸಿ, ಆ ಅವಯವವನ್ನು ಅಲುಗದಂತೆ ಇರಿಸಿ, ನಡೆಸದೆ ಹೊತ್ತುಕೊಂಡು, ವಿಷಹರ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಸಾಗಿಸಬೇಕು. ಹೋಗುವ ದಾರಿಯಲ್ಲಿ ಅಂತಹ ಆಸ್ಪತ್ರೆ ಎಲ್ಲಿದೆಯೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಹುಲ್ಲಿನಲ್ಲಿ ಕುಳಿತೆದ್ದರೆ ಮೈಮೇಲೆ ಉಣ್ಣೆಗಳಿವೆಯೇ ಎಂದು ನೋಡಿಕೊಳ್ಳಬೇಕು. ಮಲೆನಾಡಿಗೆ ಹೋಗುವವರಿಗೆ ಇದು ಮತ್ತಷ್ಟು ಅಗತ್ಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣೆಗಳಿಂದಲೇ ಹರಡುತ್ತದೆ. ಹಿಂದಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಕಾಡಿನಲ್ಲಿ ನಡತೆ

ಕಾಡಿಗೆ ಹೋದ ನಾವು ಅತಿಥಿಗಳು. ಕೂಗಾಟವಿಲ್ಲ, ಹಾಡಿನ ಪೆಟ್ಟಿಗೆಯಿಲ್ಲ. ಕೋತಿಗೆ ತಿಂಡಿ ಎಸೆಯಬಾರದು. ಅದರಿಂದ ಅದು ಭಿಕ್ಷುಕನಾಗಿ, ಬಳಿಕ ದರೋಡೆಕಾರನಾಗುತ್ತದೆ. ಕಾಡಿನ ರಸ್ತೆಯಲ್ಲಿ ಆನೆ ಅಡ್ಡ ನಿಂತರೆ ದೂರದಲ್ಲಿಯೇ ನಿಲ್ಲಬೇಕು. ಹಾರನ್ನು ಒತ್ತಬಾರದು, ಕೆಳಗಿಳಿಯಬಾರದು. ಮರಿಯೊಡನಿರುವ ತಾಯಿ ಮತ್ತು ಮದವೇರಿದ ಸಲಗ ಇವೆರಡರ ಸಮೀಪಕ್ಕೆ ಸುಳಿಯಲೇಬಾರದು. ಆನೆಗೆ ಬೆನ್ನು ತೋರಿಸಿ ಸ್ವಂತ ಚಿತ್ರ ತೆಗೆದುಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ದೊಡ್ಡ ಮೃಗ ಕಾಣಲೇಬೇಕೆಂಬ ಹಟವೂ ಬೇಡ. ಹೆಜ್ಜೆಯ ಗುರುತು, ಲದ್ದಿ, ಮರಕ್ಕೆ ಮೈಯುಜ್ಜಿದ ಕೆಸರು, ಕಡವೆಯ ಎಚ್ಚರಿಕೆಯ ಕೂಗು ಇವನ್ನು ಓದಲು ಕಲಿತ ಮಗುವಿಗೆ ಖಾಲಿಯಾದ ಕಾಡೆಂಬುದಿಲ್ಲ.

ಕಾಡಿನ ಜನರೊಡನೆ ಮಾತನಾಡುವುದನ್ನು ಮರೆಯದಿರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯದ ಮೇಲಣ ಸಮುದಾಯದ ಹಕ್ಕುಗಳು ದೊರೆತವು. ತಲೆತಲಾಂತರದಿಂದ ಮೃಗಗಳೊಡನೆ ಬಾಳಿದವರು ಹೇಳುವ ಒಂದು ಮಾತು ಹತ್ತು ಫಲಕಗಳ ಓದಿಗೆ ಸಮಾನ.

ಕಡೆಯದಾಗಿ ಆ ಹುಡುಗಿಯ ಪ್ರಶ್ನೆ. ಮರುದಿನ ಹಿಂದಿರುಗುವಾಗ ದಾರಿಯುದ್ದಕ್ಕೂ ಮಕ್ಕಳು ಅದನ್ನೇ ಚರ್ಚಿಸಿದರು. ಆನೆ ಒಂದೇ, ಆದರೆ ಬಂಡೀಪುರದಲ್ಲಿ ಅದು ತನ್ನ ಮನೆಯಲ್ಲಿತ್ತು. ನಮ್ಮೂರಿನಲ್ಲಿ ಅದರ ದಾರಿಗೂ ನಮ್ಮ ಹೊಲಕ್ಕೂ ನಡುವೆ ಎಡೆಯೇ ಉಳಿದಿಲ್ಲವೆಂದು ಒಬ್ಬನು ಹೇಳಿದನು. ಹಾಗಾದರೆ ನಷ್ಟವನ್ನೆಲ್ಲ ಹೊಲದವನೇ ಏಕೆ ಹೊರಬೇಕೆಂದು ಅವಳು ಕೇಳಿದಳು. ವಾದ ಮತ್ತಿಗಿರಿ ಸೇರುವವರೆಗೂ ಮುಗಿಯಲಿಲ್ಲ. ಇಂತಹ ವಾದವು ನಮ್ಮ ಮನೆಗಳಲ್ಲಿ ಮತ್ತಷ್ಟು ನಡೆಯಲಿ. ಮುಂದೆ ಈ ಗಡಿನಾಡಿನ ಕಾಡನ್ನೂ ಹೊಲವನ್ನೂ ಕಾಯಬೇಕಾದವರು ಈ ಮಕ್ಕಳೇ. ಬರುವ ರಜೆಯಲ್ಲಿ ವಿದ್ಯಾರ್ಥಿಗಳೂ ಅವರ ಮಾತಾಪಿತೃಗಳೂ ಕೂಡಿ ಕುಳಿತು ಭೂಪಟವನ್ನು ಬಿಡಿಸಲಿ, ಸುಖವಾಗಿ ಹೋಗಿ ಸುಖವಾಗಿ ಹಿಂದಿರುಗಲಿ ಎಂದು ಹಾರೈಸುತ್ತೇನೆ.